ಗೇಟಿನ ಒಳಗೆ ನಾನು ಟೀಚರ್

ಮಗಳನ್ನು ನಾನು ಕಲಿಸುವ ಶಾಲೆಗೇ ಐದನೇ ಕ್ಲಾಸಿಗೆ ಸೇರಿಸಿದ ದಿನ, ಬಸ್ಸಿನಿಂದ ಇಳಿದ ಮೇಲೆ ಅವಳನ್ನು ಗೇಟಿನ ಹೊರಗೆ ಒಂದು ನಿಮಿಷ ನಿಲ್ಲಿಸಿದೆ. ಮನೆಯಲ್ಲಿ ನಾವು ಕೊಂಕಣಿ ಮಾತಾಡುವವರು. ಆದರೆ ಆ ಮಾತನ್ನು ಬೇಕೆಂದೇ ಕನ್ನಡದಲ್ಲಿ ಹೇಳಿದೆ.

"ನೋಡು, ಈ ಗೇಟು ಉಂಟಲ್ಲ, ಇದರ ಹೊರಗೆ ನಾನು ಮಮ್ಮಿ. ಒಳಗೆ ಟೀಚರ್. ಗೊತ್ತಾಯ್ತಾ?"

"ಬಿದ್ದು ಗಾಯ ಆದರೆ?" ಎಂದು ಕೇಳಿದಳು.

"ಆದರೂ ಟೀಚರ್."

ಅವಳು ತಲೆಯಾಡಿಸಿ ಒಳಗೆ ಹೆಜ್ಜೆ ಇಟ್ಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಟೀಚರ್, ಐದನೇ ಕ್ಲಾಸು ಯಾವ ಕಡೆ?" ಎಂದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅದನ್ನು ಹೇಳಿಕೊಂಡು ತಿರುಗಿದೆ.

ಈ ಕಾನೂನಿಗೆ ಒಂದು ಹಿನ್ನೆಲೆ ಉಂಟು. ನನ್ನ ಅಪ್ಪ ಗುಡ್ಡದಲ್ಲಿ ಗೇರು ಬೆಳೆಸುತ್ತಿದ್ದವರು. ಅಪ್ಪನ ತಂಗಿ, ನನ್ನ ಅತ್ತೆ, ನಾನು ಕಲಿತ ಶಾಲೆಯಲ್ಲೇ ಟೀಚರ್ ಆಗಿದ್ದರು. ನಾನು ಲೆಕ್ಕದಲ್ಲಿ ಮುಂದೆ. ಆದರೆ ಎಷ್ಟು ಮಾರ್ಕು ಬಂದರೂ ಕ್ಲಾಸಿನ ಮಕ್ಕಳು, "ಅವಳಿಗೆ ಅತ್ತೆ ಪೇಪರ್ ತೋರಿಸಿದ್ದಾರೆ" ಎನ್ನುತ್ತಿದ್ದರು. ಅತ್ತೆ ನಮಗೆ ಲೆಕ್ಕ ಕಲಿಸುತ್ತಲೇ ಇರಲಿಲ್ಲ, ಅವರದು ಎರಡನೇ ಕ್ಲಾಸು. ಅದನ್ನು ಯಾರು ಕೇಳುತ್ತಾರೆ? ಏಳನೇ ಕ್ಲಾಸಿನ ಕೊನೆಯ ಪರೀಕ್ಷೆಯಲ್ಲಿ ನಾನು ಗೊತ್ತಿದ್ದೂ ಗೊತ್ತಿದ್ದೂ ಒಂದು ಲೆಕ್ಕ ತಪ್ಪು ಬರೆದು ಬಂದೆ. ಎರಡನೆಯವಳಾದೆ. ಆಮೇಲೆ ಯಾರೂ ಏನೂ ಹೇಳಲಿಲ್ಲ. ಆ ತಪ್ಪು ಲೆಕ್ಕ ನನಗೆ ಇವತ್ತಿಗೂ ಬಾಯಿಪಾಠ ಉಂಟು.

ನನ್ನ ಮಗಳಿಗೆ ಹಾಗಾಗಬಾರದು ಎಂದು ನಿಶ್ಚಯಿಸಿದ್ದೆ. ಅದಕ್ಕೆ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಅವಳ ಕೈ ಎಷ್ಟು ಮೇಲೆದ್ದರೂ ಕೊನೆಗೇ ಕೇಳುತ್ತಿದ್ದೆ. ಅವಳ ಪುಸ್ತಕವನ್ನು ಕೊನೆಗೇ ತಿದ್ದುತ್ತಿದ್ದೆ. ಎಲ್ಲ ಸರಿಯಿದ್ದರೂ ಅಕ್ಷರ ಚಂದವಿಲ್ಲ ಎಂದು ಅರ್ಧ ಮಾರ್ಕು ಕಳೆಯುತ್ತಿದ್ದೆ. ಬೇರೆ ಮಕ್ಕಳಿಗೆ ಹಾಗೆ ಕಳೆಯುತ್ತಿರಲಿಲ್ಲ. ಇದೆಲ್ಲ ನ್ಯಾಯ ಎಂದು ಗಟ್ಟಿಯಾಗಿ ನಂಬಿದ್ದೆ.

ನಮ್ಮ ಶಾಲೆ ಮುಳ್ಳೇರಿಯದಿಂದ ಸ್ವಲ್ಪ ಆಚೆ. ಐದರಿಂದ ಏಳರವರೆಗೆ ಕನ್ನಡ ಮೀಡಿಯಂಗೆ ಲೆಕ್ಕ ಕಲಿಸುವುದು ನಾನು. ಇಪ್ಪತ್ತು ವರ್ಷ ಕಳೆಯಿತು. ಲೆಕ್ಕ ಬಿಟ್ಟರೆ ನನಗಿರುವ ಹುಚ್ಚು ಎರಡೇ. ಒಂದು, ಚರ್ಚಿನ ಗಾಯನದಲ್ಲಿ ಎರಡನೇ ಸ್ವರ ಹಾಡುವುದು. ಮೊದಲ ಸ್ವರ ಹಾಡುವವರನ್ನು ಜನ ಹೊಗಳುತ್ತಾರೆ, ಎರಡನೆಯದು ತಪ್ಪಿದರೆ ಮಾತ್ರ ಗಮನಿಸುತ್ತಾರೆ. ಇನ್ನೊಂದು, ಬಸ್ಸುಗಳ ಸಮಯ. ಮುಳ್ಳೇರಿಯದಿಂದ ಕಾಸರಗೋಡಿಗೆ, ಬದಿಯಡ್ಕಕ್ಕೆ, ಕುಂಬಳೆಗೆ ಯಾವ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಎಲ್ಲ ನನ್ನ ತಲೆಯಲ್ಲಿ ಉಂಟು. ಕಾರಡ್ಕದ ಬ್ಲಾಕ್ ಆಫೀಸಿಗೆ ಹೋಗುವವರು ಕೂಡ ನನಗೆ ಫೋನು ಮಾಡಿ ಬಸ್ಸು ಕೇಳುತ್ತಾರೆ. ಕ್ಲಾಸಿನಲ್ಲಿ ವೇಗ, ದೂರ, ಸಮಯದ ಲೆಕ್ಕಗಳನ್ನೆಲ್ಲ ನಾನು ಈ ಬಸ್ಸುಗಳ ಮೇಲೆಯೇ ಕೊಡುವುದು.

ಕಲಿಸುವುದರಲ್ಲಿ ನನ್ನದು ಒಂದೇ ಹಟ. ನನ್ನ ಕ್ಲಾಸಿನಲ್ಲಿ ರಬ್ಬರು ಬಳಸುವಂತಿಲ್ಲ. ಜೂನ್ ತಿಂಗಳಲ್ಲಿ ಎಲ್ಲರ ರಬ್ಬರನ್ನೂ ಕೇಳಿ ತೆಗೆದುಕೊಂಡು ಒಂದು ಬಾಟ್ಲಿಯಲ್ಲಿ ಹಾಕಿಡುತ್ತೇನೆ, ಮಾರ್ಚಿನಲ್ಲಿ ವಾಪಸು ಕೊಡುತ್ತೇನೆ. ತಪ್ಪಾದರೆ ಸ್ಕೇಲು ಇಟ್ಟು ಅದರ ಮೇಲೆ ಒಂದೇ ಒಂದು ನೇರ ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ತಪ್ಪು ಕಾಣಿಸಬೇಕು. ಯಾವ ಹೆಜ್ಜೆಯಲ್ಲಿ ಮಗು ದಾರಿ ತಪ್ಪಿತು ಎಂದು ನನಗೆ ಗೊತ್ತಾಗುವುದು ಅದರಿಂದಲೇ. ತಿಂಗಳಿಗೊಮ್ಮೆ ನಡೆಯುವ ಟೀಚರುಗಳ ತರಬೇತಿಯಲ್ಲಿ ನಾನು ಇದರ ಬಗ್ಗೆ ಮಾತಾಡಿದ್ದೇನೆ. ಬೇರೆ ಶಾಲೆಯವರು ನನ್ನ ಬಾಟ್ಲಿಯ ಫೋಟೋ ತೆಗೆದುಕೊಂಡು ಹೋಗಿದ್ದಾರೆ. "ತಪ್ಪಿಗೆ ಹೆದರದ ಮಗುವೇ ಲೆಕ್ಕ ಕಲಿಯುವುದು" ಎಂದು ಅಲ್ಲಿ ಹೇಳಿದ್ದೆ. ಚಪ್ಪಾಳೆ ಬಿದ್ದಿತ್ತು.

ಸಣ್ಣ ಕ್ಲಾಸಿನ ಟೀಚರುಗಳಿಗೆಲ್ಲ ಗೊತ್ತಿರುವ ಒಂದು ಸಂಗತಿ ಉಂಟು. ಮಕ್ಕಳು ಬಾಯಿತಪ್ಪಿ ಟೀಚರನ್ನು ಅಮ್ಮ ಎಂದುಬಿಡುತ್ತಾರೆ. ಬರೆಯುವುದರಲ್ಲಿ ಮುಳುಗಿರುವಾಗ, ಅಥವಾ ಹೊಟ್ಟೆನೋವಿನ ಹೊತ್ತಿಗೆ, ತಲೆಯೆತ್ತದೆ ಕರೆದುಬಿಡುತ್ತಾರೆ. ಆಮೇಲೆ ಕಿವಿಯವರೆಗೆ ಕೆಂಪಾಗುತ್ತಾರೆ, ಕ್ಲಾಸು ಹೋ ಎಂದು ನಗುತ್ತದೆ. ನಮ್ಮ ಕ್ಲಾಸಿನಲ್ಲಿ ಹದಿನೆಂಟು ಮಕ್ಕಳಿದ್ದರೆ ಮನೆಮಾತು ಆರು. ಹಾಗಾಗಿ ನಾನು ಅಮ್ಮ ಆಗಿದ್ದೇನೆ, ಉಮ್ಮ ಆಗಿದ್ದೇನೆ, ಅಪ್ಪೆ, ಆಯಿ ಎಲ್ಲ ಆಗಿದ್ದೇನೆ. ಅಂಥ ದಿನ ಸ್ಟಾಫ್ ರೂಮಿಗೆ ಬಂದು, "ಇವತ್ತು ನನಗೊಂದು ಮಗು ಹೆಚ್ಚಾಯ್ತು" ಎಂದು ಹೇಳಿಕೊಳ್ಳುವುದು ನಮ್ಮಲ್ಲಿ ರೂಢಿ. ಹೊರಗಿನಿಂದ ತಮಾಷೆ ಮಾಡಿದರೂ ಒಳಗೊಳಗೆ ಎಲ್ಲರಿಗೂ ಖುಷಿಯೇ.

ಮಗಳು ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಐದನೇ ಕ್ಲಾಸಿನ ಇಡೀ ವರ್ಷ, ದಿನಕ್ಕೊಂದು ಪಿರಿಯಡ್ ನನ್ನೆದುರು ಕೂತು, ಒಮ್ಮೆಯೂ ಮಮ್ಮಿ ಎನ್ನಲಿಲ್ಲ. ಆಟದ ಅಂಗಳದಲ್ಲಿ ಮೊಣಕಾಲು ಒಡೆದುಕೊಂಡು ಬಂದಾಗಲೂ ಹಲ್ಲು ಕಚ್ಚಿ, "ಟೀಚರ್, ಮದ್ದು ಉಂಟಾ?" ಎಂದಳು. ಎಚ್‌ಎಂ ಅದನ್ನು ನೋಡಿ, "ಮಗಳನ್ನು ಹೀಗೆ ಬೆಳೆಸಬೇಕು" ಎಂದರು. ನಾನು ಆ ಮಾತನ್ನು ಮನೆಗೆ ಹೊತ್ತು ತಂದು ಗಂಡನಿಗೆ ಹೇಳಿದೆ. ಮುಳ್ಳೇರಿಯ ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಮನುಷ್ಯ ಅವರು. ಕೈಯಲ್ಲಿದ್ದ ಸ್ಕ್ರೂಡ್ರೈವರಿನಿಂದ ಕಣ್ಣೆತ್ತದೆ, "ಪಾಪದ್ದು" ಎಂದರು. ಯಾರು ಪಾಪದ್ದು ಎಂದು ನಾನು ಕೇಳಲಿಲ್ಲ.

ಅವಳು ಆರನೇ ಕ್ಲಾಸಿಗೆ ಬಂದ ವರ್ಷ ಶಾಲೆಗೆ ಹೊಸ ವಿಜ್ಞಾನ ಟೀಚರ್ ಬಂದಳು. ಉಪ್ಪಳದ ಕಡೆಯವಳು, ಮನೆಯಲ್ಲಿ ಬ್ಯಾರಿ ಮಾತಾಡುವವಳು, ನನಗಿಂತ ಹದಿನೈದು ವರ್ಷಕ್ಕೆ ಸಣ್ಣವಳು. ಎರಡು ಬಸ್ಸು ಹತ್ತಿ ಬರುತ್ತಿದ್ದಳು. ಎರಡನೇ ಬಸ್ಸು ಯಾವುದನ್ನು ಹಿಡಿಯಬೇಕು ಎಂದು ಹೇಳಿಕೊಟ್ಟದ್ದೂ ನಾನೇ. ಬರುವಾಗ ಅವಳ ಚೀಲದಲ್ಲಿ ಕಪ್ಪೆಚಿಪ್ಪು, ಏಡಿಯ ಓಡು, ಬಾಟ್ಲಿಯಲ್ಲಿ ಸಮುದ್ರದ ನೀರು. ನಮ್ಮ ಮಕ್ಕಳು ಗುಡ್ಡದ ಮಕ್ಕಳು, ಅವರಿಗೆ ಅದು ದೊಡ್ಡ ಸಂಗತಿ. ಮಧ್ಯಾಹ್ನ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಉಂಡರೆ ಅವಳು ಮಕ್ಕಳ ಸಾಲಿನಲ್ಲಿ ಕೂತು ಅದೇ ಅನ್ನ, ಅದೇ ಹೆಸರುಕಾಳಿನ ಪಲ್ಯ ಉಣ್ಣುತ್ತಿದ್ದಳು. "ಅಲ್ಲಿ ಮಾತು ಲಾಯ್ಕ ಇರ್ತದೆ ಟೀಚರೇ" ಎನ್ನುತ್ತಿದ್ದಳು. ಇಲ್ಲಿ ನಮ್ಮ ಮಾತು ಲಾಯ್ಕ ಇಲ್ಲ ಎಂದಾಯಿತಲ್ಲ ಎಂದುಕೊಂಡೆ. ಆದರೂ ಮೊದಮೊದಲು ಅವಳು ನನಗೆ ಇಷ್ಟವಾಗಿದ್ದಳು, ಸುಳ್ಳು ಹೇಳುವುದಿಲ್ಲ.

ಆರನೇ ಕ್ಲಾಸಿಗೂ ಏಳನೇ ಕ್ಲಾಸಿಗೂ ನಡುವೆ ನಮ್ಮಲ್ಲಿ ಗೋಡೆ ಇಲ್ಲ, ಹಲಗೆಯ ಅಡ್ಡತಟ್ಟಿ. ನಾನು ಏಳರಲ್ಲಿ ಶೇಕಡಾ ಹೇಳಿಕೊಡುವಾಗ ಆ ಕಡೆ ಅವಳ ಕ್ಲಾಸಿನ ನಗು ಕೇಳುತ್ತಿತ್ತು. ಹದಿನೆಂಟು ಮಕ್ಕಳ ನಗುವಿನಲ್ಲಿ ನನ್ನ ಮಗಳ ನಗು ಯಾವುದು ಎಂದು ನನಗೆ ಬೇರೆಯಾಗಿ ಗೊತ್ತಾಗುತ್ತಿತ್ತು. ನನ್ನ ಪಿರಿಯಡಿನಲ್ಲಿ ಅವಳು ನಕ್ಕದ್ದನ್ನು ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ.

ಓಣಂ ರಜೆಯ ಮುಂಚಿನ ಪರೀಕ್ಷೆಗೆ ಸ್ವಲ್ಪ ಮೊದಲು, ಒಂದು ದಿನ ಊಟದ ಮುಂಚಿನ ಪಿರಿಯಡ್ ಮುಗಿಸಿ ವಿಜ್ಞಾನ ಟೀಚರ್ ನಗುತ್ತಾ ಸ್ಟಾಫ್ ರೂಮಿಗೆ ಬಂದಳು.

"ಟೀಚರೇ, ನಿಮ್ಮ ಮಗಳನ್ನು ನಾನು ಕದ್ದೆ ಮಾರ್ರೆ!"

"ಎಂತ ಆಯ್ತು?"

"ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಸಿಪ್ಪೆ ನೋಡ್ತಾ ಇದ್ದಳು. ತಲೆ ಎತ್ತದೆ, ಮಮ್ಮಿ, ಇಲ್ಲಿ ಬನ್ನಿ, ಇಟ್ಟಿಗೆ ಇಟ್ಟ ಹಾಗೆ ಉಂಟು ಅಂದಳು! ಕ್ಲಾಸು ಪೂರಾ ನಗಾಡಿತು."

ಸ್ಟಾಫ್ ರೂಮೂ ಪೂರಾ ನಗಾಡಿತು. ನಾನೂ ನಕ್ಕೆ. "ನಿನಗೊಂದು ಮಗು ಹೆಚ್ಚಾಯ್ತು" ಎಂದು ನಾನೇ ಹೇಳಿದೆ. ಹೇಳಿ ಬುತ್ತಿಯ ಮುಚ್ಚಳ ತೆಗೆದೆ, ಹಾಗೆಯೇ ಮತ್ತೆ ಮುಚ್ಚಿದೆ. ಹೊಟ್ಟೆ ಉರಿಯುವುದು ಎಂದು ನಾವು ಸುಮ್ಮನೆ ಹೇಳುತ್ತೇವೆ ಎಂದುಕೊಂಡಿದ್ದೆ. ನಿಜವಾಗಿ ಉರಿಯುತ್ತದೆ. ಪಕ್ಕೆಲುಬಿನ ಕೆಳಗೆ, ಎಡಕ್ಕೆ.

ಬಾಯಿತಪ್ಪಿ ಬಂದ ಮಾತು, ಅದಕ್ಕೇನು ಎಂದು ಎಷ್ಟೋ ಸಲ ಹೇಳಿಕೊಂಡೆ. ಆದರೆ ನನಗೇ ಗೊತ್ತಿತ್ತಲ್ಲ, ಮಕ್ಕಳ ಬಾಯಿ ತಪ್ಪುವುದು ಯಾರ ಹತ್ತಿರ ಎಂದು. ಮೈಮರೆತು ಕೂರಲು ಧೈರ್ಯ ಇರುವ ಕಡೆ. ಇಪ್ಪತ್ತು ವರ್ಷ ಬೇರೆಯವರ ಮಕ್ಕಳು ನನ್ನೆದುರು ಹಾಗೆ ಮೈಮರೆತಿದ್ದಾರೆ. ಅವರ ಅಮ್ಮಂದಿರಿಗೆ ಹೇಗನಿಸಿದ್ದೀತು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಸಂಜೆ ಬಸ್‌ಸ್ಟಾಪಿನಲ್ಲಿ ಮಗಳನ್ನು ಕೇಳಿದೆ. "ವಿಜ್ಞಾನ ಟೀಚರನ್ನು ಮಮ್ಮಿ ಅಂದಿಯಂತೆ?"

ಅವಳ ಮುಖ ಕಪ್ಪಿಟ್ಟಿತು. "ಸಾರಿ ಮಮ್ಮಿ" ಎಂದಳು. ತಮಾಷೆ ಮಾಡಲು ಕೇಳಿದೆ ಎಂದು ನಾನು ಅಂದುಕೊಂಡಿದ್ದೆ. ಅವಳು ಕ್ಷಮೆ ಕೇಳಿದ ರೀತಿ ನೋಡಿದರೆ ನನ್ನ ಸ್ವರ ಬೇರೆಯೇ ಇದ್ದಿರಬೇಕು.

ಅಲ್ಲಿಂದ ಮುಂದೆ ನಾನು ಲೆಕ್ಕ ಇಡತೊಡಗಿದೆ. ಮಗಳು ದಿನಕ್ಕೆ ಎಷ್ಟು ಸಲ ಆ ಟೀಚರಿನ ಹೆಸರು ಎತ್ತುತ್ತಾಳೆ, ಬೆಳಿಗ್ಗೆ ಜಡೆ ಹಾಕುವಾಗ ಎಷ್ಟು, ಬಸ್ಸಿನಲ್ಲಿ ಎಷ್ಟು. "ಟೀಚರ್ ಹೇಳಿದ್ರು" ಎಂದರೆ ನಾನಲ್ಲ, ಅವಳು. ನನಗೆ ಚಿತ್ರ ಬರುವುದಿಲ್ಲ, ಅವಳು ಬೋರ್ಡಿನ ಮೇಲೆ ಕಣ್ಣುಮುಚ್ಚಿ ಕಪ್ಪೆ ಬಿಡಿಸುತ್ತಾಳಂತೆ. ನಾನು ಮನೆಯಲ್ಲಿ ಕೂತು ಕದ್ದು ಕಪ್ಪೆ ಬಿಡಿಸಿ ನೋಡಿದೆ. ಗಂಡ ಅದನ್ನು ಕಂಡು, "ಇದೆಂತ, ಮಿಕ್ಸಿಯಾ?" ಎಂದರು. ಕಾಗದವನ್ನು ಹರಿದು ಒಲೆಗೆ ಹಾಕಿದೆ. "ನಿನಗೆ ಹೊಟ್ಟೆಕಿಚ್ಚು ಮಾರಾಯ್ತಿ, ಒಪ್ಪಿಕೊಂಡರೆ ಅರ್ಧ ಕಮ್ಮಿ ಆಗ್ತದೆ" ಎಂದರು. ನಾನು ಒಪ್ಪಿಕೊಳ್ಳಲಿಲ್ಲ.

ಒಂದು ಶನಿವಾರ ಸಂಜೆ ಮಗಳು ಚರ್ಚಿಗೆ ಹೋಗಿದ್ದಳು. ಅವಳ ಚೀಲದಲ್ಲಿ ನನ್ನ ಕೆಂಪು ಪೆನ್ನು ಸೇರಿಕೊಂಡಿದೆಯೋ ಎಂದು ಹುಡುಕಿದೆ. ಪೆನ್ನು ನನ್ನ ಚೀಲದಲ್ಲೇ ಇತ್ತು, ಅದು ನನಗೆ ಗೊತ್ತಿತ್ತು. ಸಿಕ್ಕಿದ್ದು ಒಂದು ಹಳೆಯ ಡೈರಿ. ತೆರೆದರೆ ಪೂರ್ತಿ ಲೆಕ್ಕ. ನಾನು ಕೊಟ್ಟ ಲೆಕ್ಕಗಳೇ. ಒಂದೊಂದು ಲೆಕ್ಕವನ್ನೂ ಮೂರು ಸಲ, ನಾಲ್ಕು ಸಲ ಮಾಡಿದ್ದಳು, ತಪ್ಪಿದಲ್ಲೆಲ್ಲ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಪುಟದ ತುಂಬ ಗೆರೆ.

ಅವಳ ಲೆಕ್ಕದ ಪುಸ್ತಕದಲ್ಲಿ ಒಂದೇ ಒಂದು ಗೆರೆ ಇರಲಿಲ್ಲ. ಎರಡು ವರ್ಷದಿಂದ ಇರಲಿಲ್ಲ. ಲೆಕ್ಕದಲ್ಲಿ ನನ್ನ ಮಗಳು ತಪ್ಪುವುದೇ ಇಲ್ಲ, ನನ್ನ ಹಾಗೆಯೇ ಎಂದು ನಾನು ಸಂತೋಷಪಟ್ಟುಕೊಂಡಿದ್ದೆ. ಅವಳು ಡೈರಿಯಲ್ಲಿ ತಪ್ಪುಗಳನ್ನೆಲ್ಲ ಮುಗಿಸಿ, ಸರಿಯಾದದ್ದನ್ನು ಮಾತ್ರ ನನ್ನ ಪುಸ್ತಕಕ್ಕೆ ನಕಲು ಮಾಡುತ್ತಿದ್ದಳು.

ಅಷ್ಟೇ ಆಗಿದ್ದರೆ ಬಹುಶಃ ಅತ್ತು ಸುಮ್ಮನಾಗುತ್ತಿದ್ದೆ. ಡೈರಿಯ ಅಂಚಿನಲ್ಲಿ ಇನ್ನೊಂದು ಕೈಬರಹ ಇತ್ತು, ಹಸಿರು ಶಾಯಿಯಲ್ಲಿ. "ಇಲ್ಲಿ ಭಾಗಿಸಿದ್ದು ಯಾಕೆ? ನಾಳೆ ಹೇಳು." "ಈ ದಾರಿ ಉದ್ದ, ಆದರೆ ಚಂದ ಉಂಟು." ಒಂದು ಕಡೆ, ಭಿನ್ನರಾಶಿಯ ಲೆಕ್ಕ ಐದು ಸಲ ತಪ್ಪಿ ಐದು ಗೆರೆ ಬಿದ್ದ ಕಡೆ, "ಸಣ್ಣದಿರುವಾಗ ನನಗೂ ಇದು ತಪ್ಪುತ್ತಿತ್ತು" ಎಂದು ಬರೆದು ಕೆಳಗೆ ನಗುವ ಮುಖ.

ಗುಣಾಕಾರ ಬರುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿಕೊಂಡು ನಗುವ ಆ ವಿಜ್ಞಾನ ಟೀಚರ್ ನನ್ನ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಡೈರಿಯನ್ನು ಇದ್ದ ಹಾಗೆಯೇ ಇಟ್ಟೆ. ಮಗಳು ತಪ್ಪುಗಳನ್ನು ನನ್ನಿಂದ ಮುಚ್ಚಿಟ್ಟಳು ಎಂಬುದಕ್ಕಿಂತ, ಅವನ್ನು ತೆರೆದು ತೋರಿಸಲು ಅವಳಿಗೊಬ್ಬರು ಸಿಕ್ಕಿದ್ದಾರಲ್ಲ ಎಂಬುದೇ ನನ್ನನ್ನು ಕೊರೆಯಿತು. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು.

ಆ ಸಿಟ್ಟಿನಲ್ಲೇ ಮಾಡಬಾರದ್ದನ್ನು ಮಾಡಿದೆ.

ಉಪಜಿಲ್ಲೆಯ ಶಾಸ್ತ್ರೋತ್ಸವ ಹತ್ತಿರ ಬಂದಿತ್ತು. ವಿಜ್ಞಾನ, ಲೆಕ್ಕ, ಸಮಾಜ ಎಲ್ಲದರ ಸ್ಪರ್ಧೆಯೂ ಒಂದೇ ದಿನ, ಒಂದೇ ಶಾಲೆಯಲ್ಲಿ. ಒಂದು ಮಗು ಒಂದೇ ಸ್ಪರ್ಧೆಗೆ ಸೇರಬಹುದು. ನನ್ನ ಮಗಳೂ ಅವಳ ಗೆಳತಿಯೂ ಸೇರಿ ವಿಜ್ಞಾನ ಟೀಚರ್ ಜೊತೆ ಒಂದು ಮಾದರಿ ತಯಾರಿಸುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಸಮುದ್ರದ ನೀರಿಟ್ಟು, ಬಿಸಿಲಿಗೆ ಆವಿ ಮಾಡಿ, ಕುಡಿಯುವ ನೀರು ಇಳಿಸುವುದು. ಮೊದಲ ಸಲ ಅರ್ಧ ಲೋಟ ನೀರು ಇಳಿದ ದಿನ ಮಗಳು ಅದನ್ನು ಶಾಲೆಯವರಿಗೆಲ್ಲ ಒಂದೊಂದು ಚಮಚ ಕುಡಿಸಿದ್ದಳು. ನನ್ನ ಹತ್ತಿರ ಬಂದು, "ಟೀಚರ್, ಉಪ್ಪು ಉಂಟಾ ನೋಡಿ" ಎಂದಳು. ಇರಲಿಲ್ಲ. "ಸ್ವಲ್ಪ ಉಂಟು" ಎಂದೆ.

ಮಕ್ಕಳ ಹೆಸರನ್ನು ಕಂಪ್ಯೂಟರಿನಲ್ಲಿ ಸೇರಿಸಿ ಕಳಿಸುವ ಕೆಲಸ ನಮ್ಮ ಶಾಲೆಯಲ್ಲಿ ನನ್ನದು. ಪಟ್ಟಿ ನನ್ನ ಕೈಯಲ್ಲಿತ್ತು. ವಿಜ್ಞಾನದ ಕೆಳಗೆ ಮಗಳ ಹೆಸರಿತ್ತು. ನಾನು ಆ ಜಾಗಕ್ಕೆ ಬೇರೆ ಮಗುವಿನ ಹೆಸರು ಹಾಕಿ, ಮಗಳದನ್ನು ಲೆಕ್ಕದ ಕೆಳಗೆ, ಜ್ಯಾಮಿತಿ ಚಾರ್ಟಿಗೆ ಹಾಕಿ ಕಳಿಸಿದೆ. ಕೈತಪ್ಪಿ ಆದದ್ದಲ್ಲ. ಒತ್ತುವ ಮೊದಲು ಎರಡು ಸಲ ಓದಿ ನೋಡಿದ್ದೆ. ಅಷ್ಟು ವರ್ಷ ಮಗಳಿಗೆಂದು ಒಂದೂ ಅಡ್ಡದಾರಿ ಹಿಡಿಯದವಳು, ಮೊದಲ ಸಲ ಹಿಡಿದದ್ದು ಅವಳಿಂದ ಕಿತ್ತುಕೊಳ್ಳಲು.

"ಲೆಕ್ಕಕ್ಕೆ ಮಕ್ಕಳು ಕಮ್ಮಿ ಇದ್ದರು, ಅದಕ್ಕೆ" ಎಂದು ವಿಜ್ಞಾನ ಟೀಚರಿಗೆ ಹೇಳಿದೆ. ಅವಳು ಜಗಳಕ್ಕೆ ಬರಲಿ ಎಂದು ಕಾದೆ. "ಆಯ್ತು ಟೀಚರೇ. ಜ್ಯಾಮಿತಿ ಅವಳಿಗೆ ಲಾಯ್ಕ ಬರ್ತದೆ" ಎಂದಳು. ಜ್ಯಾಮಿತಿ ನನ್ನ ಮಗಳಿಗೆ ಹೇಗೆ ಬರುತ್ತದೆ ಎಂದು ನನಗಿಂತ ಅವಳಿಗೆ ಹೆಚ್ಚು ಗೊತ್ತಿತ್ತು.

ಮಗಳಿಗೆ ಶಾಲೆಯ ಜಗಲಿಯಲ್ಲಿ ಹೇಳಿದೆ.

"ಸರಿ ಟೀಚರ್."

ಸಂಜೆ ಗೇಟು ದಾಟಿದ ಮೇಲಾದರೂ ಮಮ್ಮಿಯ ಹತ್ತಿರ ಹಟ ಮಾಡುತ್ತಾಳೆ, ಕಾಲು ಅಪ್ಪಳಿಸುತ್ತಾಳೆ ಎಂದುಕೊಂಡೆ. ಹಟ ಮಾಡಿದ್ದರೆ ಬಹುಶಃ ಮರುದಿನವೇ ಪಟ್ಟಿಯನ್ನು ತಿದ್ದಿಸುತ್ತಿದ್ದೆ, ಇನ್ನೂ ಸಮಯವಿತ್ತು. ಅವಳು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಳು. ಮನೆಗೆ ಬಂದು ಕಂಪಾಸು ಪೆಟ್ಟಿಗೆ ತೆಗೆದು ವೃತ್ತ ಎಳೆಯಲು ಶುರು ಮಾಡಿದಳು.

ಶಾಸ್ತ್ರೋತ್ಸವದ ದಿನ ನಾವು ಎಂಟೂ ಹತ್ತರ ಬಸ್ಸಿಗೆ ಹೊರಟೆವು. ಸೀತಾಂಗೋಳಿ ಕಳೆದು, ಅನಂತಪುರದ ತಿರುವು ಕಳೆದು ಕುಂಬಳೆಯ ಕಡೆ ಇಳಿಯುವಾಗ ವಿಜ್ಞಾನ ಟೀಚರ್ ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಗಳು ಅದರ ಒಂದು ಮೂಲೆಗೆ ಕೈ ಕೊಟ್ಟು ಹಿಡಿದಿದ್ದಳು. ಅದು ಈಗ ಅವಳದಲ್ಲ, ಆದರೂ ಇಳಿಯುವವರೆಗೆ ಬಿಡಲಿಲ್ಲ.

ಜ್ಯಾಮಿತಿ ಚಾರ್ಟಿನ ಮಕ್ಕಳನ್ನು ಒಂದು ದೊಡ್ಡ ಹಾಲಿನಲ್ಲಿ ಕೂರಿಸಿದರು. ಟೀಚರುಗಳಿಗೆ ಒಳಗೆ ಪ್ರವೇಶವಿಲ್ಲ. ನಾನು ಹೊರಗಿನ ಕಿಟಕಿಯಲ್ಲಿ ನಿಂತೆ. ಮಗಳು ಒಂದು ದೊಡ್ಡ ವೃತ್ತ ಎಳೆದು, ಅದರೊಳಗೆ ವೃತ್ತಗಳನ್ನು ಹೆಣೆಯುತ್ತಾ ಹೋದಳು. ಒಂದೂವರೆ ಗಂಟೆ ಕೆಲಸ ಚೆನ್ನಾಗಿಯೇ ನಡೆಯಿತು. ಕೊನೆಯ ಸುತ್ತಿನಲ್ಲಿ ಕಂಪಾಸಿನ ಮುಳ್ಳು ಸ್ವಲ್ಪ ಜಾರಿರಬೇಕು. ಗೆರೆ ಬಂದು ಕೂಡಬೇಕಾದ ಕಡೆ ಕೂಡಲಿಲ್ಲ.

ಅವಳು ಕಂಪಾಸು ಕೆಳಗಿಟ್ಟು ಕೂತಳು. ಪಕ್ಕದ ಮಕ್ಕಳ ಡೆಸ್ಕಿನ ಮೇಲೆಲ್ಲ ಬಿಳಿ ರಬ್ಬರು. ಹಿಂದಿನ ಡೆಸ್ಕಿನ ಹುಡುಗಿ ತನ್ನದನ್ನು ನೀಡಿದ್ದನ್ನೂ ನೋಡಿದೆ. "ತಗೋ, ತಗೋ" ಎಂದು ನಾನು ಕಿಟಕಿಯಾಚೆ ತುಟಿ ಆಡಿಸಿದೆ. ನನ್ನ ಮಗಳು ತಲೆ ಅಲ್ಲಾಡಿಸಿ ಬೇಡ ಎಂದಳು. ಸ್ಕೇಲು ತೆಗೆದಳು. ಆ ತಪ್ಪು ಕಮಾನಿನ ಮೇಲೆ, ಬಣ್ಣಬಣ್ಣದ ಆ ಚಾರ್ಟಿನ ನಡುವೆ, ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆದಳು.

ಹಿಂದಿನ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. ಯಾರೋ ಕಿಸಕ್ಕೆಂದು ನಕ್ಕರು. ಪರೀಕ್ಷಕರೊಬ್ಬರು ಬಂದು ನೋಡಿ, "ಅಯ್ಯೋ, ಇದೆಂತ ಮಾಡಿದ್ದು ನೀನು?" ಎಂದರು. ಅವಳು ಪಕ್ಕದಲ್ಲಿ ಉಳಿದ ಸ್ವಲ್ಪ ಜಾಗದಲ್ಲಿ ಸರಿಯಾದದ್ದನ್ನು ಎಳೆಯತೊಡಗಿದಳು, ನಾನು ಕಲಿಸಿದ ಹಾಗೆಯೇ. ಬೆಲ್ಲು ಹೊಡೆಯುವಾಗ ಅದು ಅರ್ಧವಾಗಿತ್ತು.

ನಾನು ಓಡಿ ಹಾಲಿನ ಬಾಗಿಲಿಗೆ ಹೋದೆ. ಆಗಲೇ ವಿಜ್ಞಾನ ಟೀಚರೂ ಆ ಕಡೆಯಿಂದ ಬಂದಳು, ಅವಳ ಮಕ್ಕಳದ್ದು ಮುಗಿದಿತ್ತು. ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಮಗಳು ಹೊರಗೆ ಬಂದಳು. ಬಾಯಿ ಬಿಗಿಹಿಡಿದಿದ್ದಳು. ನಾನು ಎರಡೂ ಕೈ ಮುಂದೆ ಮಾಡಿದೆ. ಸುಳ್ಳಲ್ಲ, ಎಷ್ಟೋ ತಿಂಗಳ ಮೇಲೆ ಅಂದು ನನ್ನಲ್ಲಿ ಸಿಟ್ಟೂ ಇರಲಿಲ್ಲ, ಲೆಕ್ಕಾಚಾರವೂ ಇರಲಿಲ್ಲ.

ಅವಳು ನನ್ನ ಕೈಯ ಪಕ್ಕದಿಂದ ದಾಟಿ ಹೋಗಿ ವಿಜ್ಞಾನ ಟೀಚರಿನ ಸೊಂಟ ಹಿಡಿದುಕೊಂಡು ಅತ್ತಳು. ಜನ ನೋಡುವ ಹಾಗೆ, ಜೋರಾಗಿ.

ಆ ಹುಡುಗಿ, ವಿಜ್ಞಾನ ಟೀಚರ್, ನನ್ನ ಮುಖ ನೋಡಿ ಹೆದರಿಬಿಟ್ಟಳು. ಮಗಳ ಭುಜ ಹಿಡಿದು ನನ್ನ ಕಡೆ ತಿರುಗಿಸಲು ನೋಡಿದಳು. "ಮಮ್ಮಿ ಇಲ್ಲೇ ಇದ್ದಾರಲ್ಲ ಮಗಾ, ಮಮ್ಮಿ ಹತ್ರ ಹೋಗು."

ಮಗಳು ಮುಖ ಎತ್ತದೆ, ಬಿಕ್ಕುತ್ತಾ ಹೇಳಿದಳು: "ಇಲ್ಲಿ ಅವರು ಟೀಚರ್. ಗೇಟಿನ ಒಳಗೆ ಇದ್ದೇವಲ್ಲ ನಾವು."

ಅದರಲ್ಲಿ ಕೋಪ ಇರಲಿಲ್ಲ. ಚುಚ್ಚಲು ಹೇಳಿದ್ದೂ ಅಲ್ಲ. ಆ ಟೀಚರಿಗೆ ಗೊತ್ತಿಲ್ಲದ ಒಂದು ನಿಯಮವನ್ನು ತಿಳಿಸಿದಳು, ಅಷ್ಟೇ. ಕೋಪದಲ್ಲಿ ಹೇಳಿದ್ದರೆ ನನಗೆ ಸುಲಭವಿತ್ತು.

ಅಲ್ಲಿಯೇ ಮೊಣಕಾಲೂರಿ, ಇನ್ನು ಆ ಕಾನೂನು ಇಲ್ಲ, ನಾನು ಎಲ್ಲ ಕಡೆಯೂ ಮಮ್ಮಿಯೇ ಎಂದು ಹೇಳಬಹುದಿತ್ತು. ನನಗೆ ಅದು ಹೊಳೆಯಲಿಲ್ಲ. ಹೊಳೆದದ್ದು ಒಂದೇ, ಗೇಟಿನ ಹೊರಗೆ ಹೋಗುವುದು. ತಿರುಗಿ ನಡೆದೆ. ಅಂಗಳ ದಾಟಿ, ಬ್ಯಾನರು ಕಟ್ಟಿದ ಗೇಟು ದಾಟಿ, ರಸ್ತೆಗೆ ಹೋಗಿ ನಿಂತೆ. ಬಿಸಿಲಿತ್ತು. ಹನ್ನೆರಡೂ ಐವತ್ತರ ಬಸ್ಸು ಬಂತು, ಕಂಡಕ್ಟರು ಗುರುತು ಹಿಡಿದು "ಬರ್ತೀರಾ ಟೀಚರೇ?" ಎಂದ. ಇಲ್ಲ ಎಂದೆ. ಒಂದೂ ಹದಿನೈದರದ್ದೂ ಹೋಯಿತು. ಗೇಟನ್ನೇ ನೋಡುತ್ತಾ ನಿಂತಿದ್ದೆ. ಒಳಗೆ ಅವಳು ಎಷ್ಟು ಹೊತ್ತು ಅಳುತ್ತಾಳೆ, ಅವಳ ಬೆನ್ನಿನ ಮೇಲೆ ಆ ಕೈ ಎಷ್ಟು ಹೊತ್ತು ಇರುತ್ತದೆ ಎಂದು ಯೋಚಿಸದೆ ಇರಲು ನನ್ನಿಂದ ಆಗಲಿಲ್ಲ. ಆಗಲೂ ಉರಿಯುತ್ತಿತ್ತು.

ಕೊನೆಗೆ ಬಂದಳು, ಒಬ್ಬಳೇ. ಮುಖ ತೊಳೆದಿದ್ದಳು. ಬೆಳಿಗ್ಗೆ ನಾನು ಹಾಕಿದ ಎರಡು ಜಡೆಯನ್ನು ಬಿಚ್ಚಿ ಯಾರೋ ಒಂದೇ ಜಡೆ ಮಾಡಿ ಕಟ್ಟಿದ್ದರು. ಗೇಟು ದಾಟಿದಳು, ನನ್ನನ್ನು ಕಂಡಳು, ಓಡಿ ಬಂದು ಕೈ ಹಿಡಿದುಕೊಂಡಳು.

"ಮಮ್ಮಿ, ಹಸಿವೆ" ಎಂದಳು, ಕೊಂಕಣಿಯಲ್ಲಿ.

ನಾನು ರಸ್ತೆಯ ಬದಿಯಲ್ಲೇ ಅವಳನ್ನು ಎಳೆದು ಅಪ್ಪಿಕೊಂಡೆ. ಅವಳು ಸುಮ್ಮನೆ ನಿಂತಳು. ಕಣ್ಣು ಒಣಗಿತ್ತು, ಉಸಿರು ಸರಿಯಾಗಿತ್ತು.

"ಅಳು ಬರ್ತದಾ ಇನ್ನೂ? ಅತ್ತುಬಿಡು, ಇಲ್ಲಿ ಅಳಬಹುದು" ಎಂದೆ.

"ಇಲ್ಲ ಮಮ್ಮಿ," ಎಂದಳು. "ಅತ್ತಾಯಿತು."